ಬಂದೂಕು ಬೀಗದಲ್ಲೋ, ಬೀಗರಲ್ಲೋ?

ಬಂದೂಕು ಕೈಗೆ ಕೊಡುವ ಮೊದಲು ನಾನು ಗಿರಾಕಿಗೆ ಕೇಳುವ ಕೊನೆಯ ಪ್ರಶ್ನೆ ಯಾವಾಗಲೂ ಒಂದೇ. "ಮನ್ಯಾಗ ಇದನ್ನ ಎಲ್ಲಿ ಇಡ್ತೀರಿ?" ಬಹಳ ಮಂದಿ "ಅಲಮಾರಿಯಾಗ್ರಿ" ಎಂದು ಮುಗಿಸುತ್ತಾರೆ. ಕೆಲವರು "ಅದೆಲ್ಲಾ ನಿಮಗ್ಯಾಕ ಬೇಕು" ಎಂಬಂತೆ ನೋಡುತ್ತಾರೆ. ಆ ಶನಿವಾರ ಬೆಳಿಗ್ಗೆ ನನ್ನ ಎದುರಿಗೆ ನಿಂತಿದ್ದ ಕಮಲಾಪುರದ ಮಾಜಿ ಸೈನಿಕರು ಮಾತ್ರ ಎದೆ ಸೆಟೆಸಿ, ಪರೇಡಿನಲ್ಲಿ ಹೆಸರು ಕೂಗಿದವರಂತೆ ಉತ್ತರ ಕೊಟ್ಟರು.

"ನಮ್ಮ ಬೀಗರ ಮನ್ಯಾಗ್ರಿ ಅಕ್ಕಾರ!"

ಬರೆಯುತ್ತಿದ್ದ ನನ್ನ ಪೆನ್ನು ನಿಂತಿತು. ಬೀಗರೆಂದರೆ ಅವರ ಮಗಳ ಮಾವ. ಒಬ್ಬರ ಹೆಸರಿನ ಲೈಸೆನ್ಸು, ಇನ್ನೊಬ್ಬರ ಮನೆಯಲ್ಲಿ ಬಂದೂಕು! ನಾನು ತಪ್ಪು ಕೇಳಿಸಿಕೊಂಡೆ ಎಂದುಕೊಂಡು ಇನ್ನೊಮ್ಮೆ ಕೇಳಿದೆ. ಎರಡನೇ ಸಲ ಅವರು ಇನ್ನೂ ಜೋರಾಗಿ ಹೇಳಿದರು.

ಕಥೆ ಮುಂದುವರಿಸುವ ಮೊದಲು ನಾನು ಎಲ್ಲಿ ಕೂತಿದ್ದೆ ಎಂದು ಹೇಳಿಬಿಡುತ್ತೇನೆ. ಕಲಬುರಗಿಯ ಸೂಪರ್ ಮಾರ್ಕೆಟಿನ ಹಿಂದಿನ ಗಲ್ಲಿಯಲ್ಲಿ, ಒಂದು ಬಟ್ಟೆ ಅಂಗಡಿಗೂ ಒಂದು ಬಂಗಾರದ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಬಂದೂಕಿನ ಅಂಗಡಿ ಅದು. ಮಾಲೀಕರು ರೋಜಾ ಬಡಾವಣೆಯ ವಯಸ್ಸಾದ ಸಾಹೇಬರು. ಅವರ ಅಜ್ಜನ ಕಾಲದಿಂದ ನಡೆದುಕೊಂಡು ಬಂದ ವ್ಯಾಪಾರ. ನಾನು ಅಲ್ಲಿ ಕೌಂಟರು, ಕಾಗದಪತ್ರ ಎರಡೂ ನೋಡುವವಳು. ನಮ್ಮದು ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ ಮಾತಾಡುವ ಪೂಜೆ ಪುನಸ್ಕಾರದ ಮನೆತನ. ನಮ್ಮ ತಾಯಿ ಇವತ್ತಿಗೂ ನೆಂಟರ ಮುಂದೆ "ಮಗಳು ಹಾರ್ಡ್‌ವೇರ್ ಅಂಗಡಿಯಲ್ಲಿದ್ದಾಳೆ" ಎನ್ನುತ್ತಾರೆ. ಪೂರ್ತಿ ಸುಳ್ಳೂ ಅಲ್ಲ, ಮಾರುವುದು ಕಬ್ಬಿಣವನ್ನೇ.

ಈ ಸೈನಿಕರ, ನಮ್ಮ ಕಡೆಯ ಮಾತಿನಲ್ಲಿ ಫೌಜಿಯವರ, ಲೈಸೆನ್ಸಿನ ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ನಾನೇ ಹಿಂದೆ ಬಿದ್ದು ಓಡಾಡಿಸಿದ್ದೆ. ಕಮಲಾಪುರ ಕಲಬುರಗಿ ನಗರದ ಹೊರಗಿನದಾದ್ದರಿಂದ ಅರ್ಜಿ ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕು. ಅಲ್ಲಿಂದ ಪೊಲೀಸ್ ವಿಚಾರಣೆಗೆ, ಅಲ್ಲಿಂದ ವಾಪಸ್ಸು. ಎಲ್ಲ ಸುತ್ತು ಮುಗಿದು ಲೈಸೆನ್ಸ್ ಕೈಗೆ ಬಂದಾಗ ಅವರು ಪೇಢೆ ಹಂಚಿದ್ದರು. ಯಾಕೆಂದರೆ ಕಮಲಾಪುರದ ಬ್ಯಾಂಕಿನ ಶಾಖೆಯಲ್ಲಿ ಬಂದೂಕಿನ ಕಾವಲುಗಾರನ ಕೆಲಸ ಅವರಿಗೆ ಸಿಕ್ಕಿತ್ತು. ಷರತ್ತು ಒಂದೇ: ಸೋಮವಾರ ಬೆಳಿಗ್ಗೆ ಬಂದೂಕಿನ ಸಮೇತ ಹಾಜರಾಗಬೇಕು. ಇಲ್ಲದಿದ್ದರೆ ಅದೇ ಕೆಲಸಕ್ಕೆ ಇನ್ನೊಬ್ಬರು ಬಂದೂಕು ಹೆಗಲಿಗೇರಿಸಿಕೊಂಡು ತಯಾರಾಗಿ ನಿಂತಿದ್ದರು. ಸೈನ್ಯದಿಂದ ಬಂದ ಮೇಲೆ ಮನೆಯಲ್ಲಿ ಕೂತು ಕೂತು ಅವರಿಗೆ ಬೇಸರ ಬಂದುಹೋಗಿತ್ತು. "ಯೂನಿಫಾರ್ಮ್ ಇಲ್ಲದ ಅಂಗಿ ಅಂಗೀನೇ ಅನ್ನಿಸವಲ್ದು ನೋಡ್ರಿ ಅಕ್ಕಾರ" ಎಂದು ಒಮ್ಮೆ ಹೇಳಿದ್ದರು. ಶನಿವಾರ ಸಂಜೆ ಅಂಗಡಿ ಮುಚ್ಚಿದರೆ ಮತ್ತೆ ತೆರೆಯುವುದು ಸೋಮವಾರ ಬಿಸಿಲೇರಿದ ಮೇಲೆಯೇ. ಅಂದರೆ ಬಂದೂಕು ಆವತ್ತೇ ಕೊಡಬೇಕು.

ಇನ್ನು ಕಾನೂನಿನ ಮಾತು. ಹೊರದೇಶಗಳಲ್ಲಿ ಕೆಲವು ಕಡೆ ಬಂದೂಕು ಮಾರುವಾಗ ಜೊತೆಗೊಂದು ಲಾಕು ಕೊಡಲೇಬೇಕಂತೆ. ನಮ್ಮಲ್ಲಿ ಟ್ರಿಗರಿಗೆ ಲಾಕು ಹಾಕಿಯೇ ಮಾರಬೇಕೆಂಬ ಕಟ್ಟಳೆ ಇಲ್ಲ. ಆದರೆ ಅರ್ಜಿ ಹಾಕುವಾಗಲೇ ಆಯುಧವನ್ನು ಸುರಕ್ಷಿತವಾಗಿ ಇಡುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಡಬೇಕು. ಮಕ್ಕಳ ಕೈಗೆ, ಲೈಸೆನ್ಸ್ ಇಲ್ಲದವರ ಕೈಗೆ ಅದು ಸಿಗಬಾರದು. ಯಾರ ಹೆಸರಿಗೆ ಲೈಸೆನ್ಸ್ ಇದೆಯೋ ಅವರ ವಶದಲ್ಲೇ ಇರಬೇಕು. ಬೇರೆಯವರ ಮನೆಯಲ್ಲಿ ಬಿಟ್ಟು ಬಂದರೆ ಬಿಟ್ಟವರಿಗೂ ಕೇಸು, ಇಟ್ಟುಕೊಂಡವರಿಗೂ ಕೇಸು. ಇಷ್ಟನ್ನೂ ನಾನು ಅವರಿಗೆ ಅರ್ಜಿಯ ದಿನವೇ ಹೇಳಿದ್ದೆ. ಹಾಗಿದ್ದ ಮೇಲೆ ಈ ಬೀಗರು ಎಲ್ಲಿಂದ ಬಂದರು?

"ಬೀಗರ ಮನ್ಯಾಗ ಇಡ್ರಿ ಅಂತ ನಿಮಗ ಯಾರು ಹೇಳಿದ್ರಿ?"

"ನಮ್ಮ ಠಾಣೆಯ ಪಿಎಸ್‌ಐ ಸಾಹೇಬ್ರೇ ಹೇಳ್ಯಾರಲ್ರಿ! ವಿಚಾರಣೆಗೆ ಮನಿಗೆ ಬಂದಿದ್ರು. ಮೊಮ್ಮಕ್ಕಳು, ನನ್ನ ಮಗನ ಮಕ್ಕಳು, ಆಡೋದು ನೋಡಿದ್ರು. ನೋಡಿ, ಕೋವಿ ಯಾವಾಗ್ಲೂ ಬೀಗರಲ್ಲೇ ಇರಬೇಕು ಅಂದ್ರು. ನನಗೂ ಒಂಥರಾ ಅನಿಸ್ತು. ಆದ್ರ ಹುಕುಂ ಅಂದ್ರ ಹುಕುಂ. ಬೀಗರಲ್ಲೇ ಇಡ್ತೀನಿ ಸರ್ ಅಂದೆ. ಗುಡ್ ಅಂದ್ರು."

"ಪಿಎಸ್‌ಐ ಸಾಹೇಬ್ರು ಯಾವ ಕಡಿಯವ್ರು?"

"ಮೈಸೂರು ಕಡಿಯವ್ರಂತ್ರಿ. ಭಾಳ ಚಲೋ ಮನಶ್ಯಾ."

ನನಗೆ ಒಮ್ಮೆಲೇ ಹೊಳೆಯಿತು. ಹೊಳೆದದ್ದೇ ನಗು ಉಕ್ಕಿ ಬಂತು. ಕೌಂಟರಿನ ಮೇಲೆ ತಲೆಯಿಟ್ಟು ನಕ್ಕೆ. ಆ ಪುಣ್ಯಾತ್ಮರು ಹೇಳಿದ್ದು "ಬೀಗದಲ್ಲೇ ಇರಬೇಕು" ಎಂದು! ನಮ್ಮ ಕಡೆ ಬಾಗಿಲಿಗೆ ಹಾಕುವುದು ಕೀಲಿ, ಅದನ್ನು ತೆಗೆಯುವುದು ಕೀಲಿಕೈ. ಬೀಗ ಎಂದರೆ ನಮಗೆ ಮದುವೆಯಲ್ಲಿ ಮೊದಲ ಪಂಕ್ತಿಗೆ ಕೂಡ್ರಿಸಬೇಕಾದ ಮನುಷ್ಯ. ಪುಸ್ತಕದಲ್ಲಿ ಬೀಗ ಎಂದು ಓದಿರುತ್ತೇವೆ, ಪರೀಕ್ಷೆಯಲ್ಲಿ ಬರೆದೂ ಇರುತ್ತೇವೆ. ಆದರೆ ಕಿವಿಗೆ ಬಿದ್ದಾಗ ಕಣ್ಣಿಗೆ ಕಾಣುವುದು ಪೇಟ ಸುತ್ತಿದ ಬೀಗರೇ. ಫೌಜಿ "ಬೀಗರಲ್ಲೇ" ಎಂದದ್ದು ಪಿಎಸ್‌ಐ ಅವರಿಗೆ "ಬೀಗದಲ್ಲೇ" ಎಂದು ಕೇಳಿಸಿದೆ. ಇಬ್ಬರೂ ಖುಷಿಯಾಗಿ ಬೇರೆಯಾಗಿದ್ದಾರೆ.

ನಾನು ಬಿಡಿಸಿ ಹೇಳಿದೆ. ಫೌಜಿ ನಗಲಿಲ್ಲ. ಅವರ ಮುಖದ ಬಣ್ಣವೇ ಇಳಿದುಹೋಯಿತು.

"ಅಯ್ಯೋ ಅಕ್ಕಾರ, ಬೀಗರು ತಮ್ಮ ತಿಜೋರಿ ಖಾಲಿ ಮಾಡ್ಯಾರ್ರಿ. ಓಣಿ ಮಂದಿಗೆಲ್ಲಾ ಹೇಳ್ಯಾರ. ಇವತ್ತು ಬಂದೂಕಿನ ಪೂಜಾ ಇಟ್ಕೊಂಡಾರ. ಈಗ ನಾ ಹೋಗಿ ಬ್ಯಾಡ್ರಿ ಅಂದ್ರ ನಮ್ಮ ಹುಡುಗಿ ಗತಿ ಏನ್ರಿ? ಮದುವಿ ಆಗಿ ಇನ್ನಾ ವರ್ಷ ತುಂಬಿಲ್ಲ."

ನನ್ನ ನಗು ಅಲ್ಲಿಗೇ ನಿಂತಿತು.

ಒಳಗೆ ಚಹಾ ಕುಡಿಯುತ್ತಿದ್ದ ಸಾಹೇಬರು ಹೊರಗೆ ಬಂದರು. ಲೈಸೆನ್ಸ್ ತಿರುವಿ ನೋಡಿದರು. ಹೆಸರು, ಫೋಟೊ, ಗುರುತಿನ ನಂಬರು, ಯಾವ ನಮೂನೆಯ ಆಯುಧಕ್ಕೆ ಅನುಮತಿ, ಎಲ್ಲಾ ಸರಿಯಿತ್ತು. "ನೋಡು ಬೇಟಿ, ನಮ್ಮ ಕೆಲಸ ಲೈಸೆನ್ಸ್ ನೋಡೋದು. ಲೈಸೆನ್ಸ್ ಪಕ್ಕಾ ಅದ. ಎಲ್ಲಿ ಇಡ್ತಾರ ಅನ್ನೋದು ಅವರ ಜಿಮ್ಮೇದಾರಿ" ಎಂದರು. ಆಮೇಲೆ ಸ್ವಲ್ಪ ಹೊತ್ತು ಗಡ್ಡ ಸವರಿಕೊಂಡು ಅವರೇ ಮಾತು ತಿರುಗಿಸಿದರು. "ಲೇಕಿನ್ ಈಗ ನಮ್ಮ ಕಿವಿಗೆ ಬಿತ್ತಲ್ಲ. ಬಿದ್ದ ಮ್ಯಾಲೆ ಕೊಟ್ರ ನಮ್ಮ ಕೈಲೇ ಬ್ಯಾರೆಯವ್ರ ಮನಿಗೆ ಕಳಿಸಿದಂಗ. ನಿನಗ ಹೆಂಗ ಅನಿಸ್ತದ?"

ನಿರ್ಧಾರ ನನ್ನ ಮೇಲೆ ಬಂತು. ಕೊಟ್ಟು ಕಳಿಸಿ "ಇವತ್ತು ಹೆಂಗೂ ತಗೊಂಡು ಹೋಗ್ರಿ, ಆಮೇಲೆ ಸರಿ ಮಾಡ್ಕೋರಿ" ಎನ್ನಬಹುದಿತ್ತು. ಹಾಗೆ ಅನ್ನುವವರು ಇದ್ದಾರೆ ಕೂಡ. ಆದರೆ ಬಂದೂಕು ಒಮ್ಮೆ ಆ ತಿಜೋರಿಯೊಳಗೆ ಹೋಗಿ, ಕುಂಕುಮ ಹಚ್ಚಿಸಿಕೊಂಡ ಮೇಲೆ ಅದನ್ನು ಹೊರಗೆ ತರುವ ಧೈರ್ಯ ಈ ಮನುಷ್ಯನಿಗೆ ಬರುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ಗಡಿಯಲ್ಲಿ ಎದೆ ಕೊಟ್ಟು ನಿಂತವರೂ ಬೀಗರ ಮುಂದೆ ತಲೆ ತಗ್ಗಿಸುತ್ತಾರೆ.

"ಇಡೋ ಜಾಗ ಸರಿಯಾಗೋ ತನಕ ಬಂದೂಕು ಇಲ್ಲೇ ಇರ್ಲಿ. ಸಂಜೆ ಒಳಗ ಸರಿ ಮಾಡಿ ಬರ್ತೀನಿ. ಅಂಗಡಿ ವ್ಯಾನಿನ ಕೀಲಿಕೈ ಕೊಡ್ರಿ ಸಾಹೇಬ್ರ" ಎಂದೆ.

ಸಾಹೇಬರು ನನ್ನನ್ನೊಮ್ಮೆ, ವ್ಯಾನನ್ನೊಮ್ಮೆ ನೋಡಿ ಕೊಟ್ಟರು. "ಸಂಭಾಳಿಸಿ ಓಡ್ಸು. ಬ್ರೇಕ್ ಸ್ವಲ್ಪ ತಡಾ ಹಿಡೀತದ."

ಹೊರಡುವ ಮೊದಲು ಪಿಎಸ್‌ಐ ಅವರಿಗೆ ಫೋನ್ ಮಾಡಿದೆ. ಬೀಗ ಎಂದರೆ ನಿಮ್ಮ ಮಾತಿನಲ್ಲಿ ಯಾವುದು ಎಂದು ಕೇಳಿದೆ.

"ಬೀಗ ಅಂದ್ರೆ ಬೀಗ ಕಣ್ರೀ ಮೇಡಂ. ಬಾಗಿಲಿಗೆ ಹಾಕ್ತಾರಲ್ಲ!"

ವಿಷಯ ತಿಳಿಸಿದೆ. "ಅಯ್ಯಯ್ಯೋ, ನಾನು ವರದಿ ಬರೆದಾಗಿದೆಯಲ್ರೀ. ಮಧ್ಯಾಹ್ನದ ಮೇಲೆ ನಾನೇ ಬಂದು ಕಣ್ಣಾರೆ ನೋಡ್ತೀನಿ. ಅವರ ಮನೆಯಲ್ಲೇ, ಅವರ ವಶದಲ್ಲೇ, ಭದ್ರವಾಗಿ ಇಡೋ ವ್ಯವಸ್ಥೆ ಕಾಣಿಸಬೇಕು. ಇಲ್ಲಾಂದ್ರೆ ನಾನು ಬೇರೆ ವರದಿ ಕಳಿಸಬೇಕಾಗುತ್ತೆ" ಎಂದರು. ಒಳ್ಳೆಯ ಮನುಷ್ಯರು, ಆದರೆ ಕೆಲಸ ಕೆಲಸವೇ.

ಹೊರಡುವಾಗ ನಾನು ಎರಡು ಸಾಮಾನು ತೆಗೆದುಕೊಂಡೆ. ಒಂದು, ಟ್ರಿಗರಿನ ಎರಡೂ ಬದಿಯಿಂದ ಅಮರಿಕೊಂಡು ಕೂಡುವ ಸಣ್ಣ ಲಾಕು. ಕಡ್ಡಾಯವಲ್ಲದಿದ್ದರೂ ಮಕ್ಕಳಿರುವ ಮನೆಗೆ ನಾನು ಹಟ ಹಿಡಿದು ಕೊಡುವಂಥದ್ದು. ಇನ್ನೊಂದು, ಒಂದು ಉಂಡೆ ದಾರ. ಅವರು ಕೊಳ್ಳುತ್ತಿದ್ದದ್ದು ಬಾರಾ ಬೋರಿನ, ಅಂದರೆ ಹನ್ನೆರಡು ಬೋರಿನ, ಜೋಡಿ ನಳಿಗೆಯ ಬಂದೂಕು. ಅದನ್ನು ಬಿಚ್ಚಿದರೆ ಮೂರು ತುಂಡಾಗುತ್ತದೆ: ನಳಿಗೆ, ನಳಿಗೆಯ ಕೆಳಗೆ ಕೈಹಿಡಿಯುವ ಸಣ್ಣ ಕಟ್ಟಿಗೆ, ಟ್ರಿಗರ್ ಸಮೇತ ಹಿಂದಿನ ಕಟ್ಟಿಗೆ. ಇವುಗಳಲ್ಲಿ ಉದ್ದದ್ದು ನಳಿಗೆ. ನಳಿಗೆಯ ಉದ್ದಕ್ಕೆ ಸರಿಯಾಗಿ ದಾರ ಕತ್ತರಿಸಿಕೊಂಡೆ. ಯಾವ ಪೆಟ್ಟಿಗೆಯಲ್ಲಿ ಹಿಡಿಯುತ್ತದೆ, ಯಾವುದರಲ್ಲಿ ಹಿಡಿಯುವುದಿಲ್ಲ ಎಂದು ಬಂದೂಕು ಇಲ್ಲದೆಯೂ ನೋಡಬಹುದಲ್ಲ.

ಕಮಲಾಪುರಕ್ಕೆ ಹೋಗುವ ಹುಮನಾಬಾದ ರಸ್ತೆಯಲ್ಲಿ ವ್ಯಾನು ಹಾರಿತು. ಸುಳ್ಳೇಕೆ ಹೇಳಲಿ, ನನಗೆ ಭಯಕ್ಕಿಂತ ಉಮೇದಿಯೇ ಹೆಚ್ಚಾಗಿತ್ತು. ದಿನವಿಡೀ ಕಾಗದಕ್ಕೆ ಮುದ್ರೆ ಒತ್ತುವವಳಿಗೆ ಇಂಥದ್ದೊಂದು ಕೆಲಸ ಎಷ್ಟು ವರ್ಷಕ್ಕೊಮ್ಮೆ ಸಿಗುತ್ತದೆ? ಪಕ್ಕದಲ್ಲಿ ಫೌಜಿ ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡು ಕೂತಿದ್ದರು. "ಅಕ್ಕಾರ, ಜಮ್ಮೂದಾಗ ಇಷ್ಟು ಅಂಜಿಕಿ ಆಗಿರ್ಲಿಲ್ರಿ" ಎಂದರು. ಅಂಜಿಕೆ ಬೀಗರದೋ, ನನ್ನ ಡ್ರೈವಿಂಗಿನದೋ, ನಾನು ಕೇಳಲಿಲ್ಲ.

ಮೊದಲು ಅವರ ಸ್ವಂತ ಮನೆಗೆ ಹೋದೆವು. ಪರ್ಶಿ ಎಂಬ ಚಪ್ಪಡಿ ಕಲ್ಲಿನ ಗಟ್ಟಿ ಗೋಡೆ, ಚೊಕ್ಕ ಮನೆ. ಆದರೆ ಕೀಲಿ ಹಾಕುವಂಥ ಒಂದು ಸಾಮಾನೂ ಇರಲಿಲ್ಲ. ಕಟ್ಟಿಗೆಯ ಅಲಮಾರಿಗೆ ಚಿಲಕ ಮಾತ್ರ. ಸೈನ್ಯದ ಕರಿ ಟ್ರಂಕು ಒಂದಿತ್ತು, ದಾರ ಹಿಡಿದು ನೋಡಿದರೆ ಮೂಲೆಯಿಂದ ಮೂಲೆಗೆ ಹಿಡಿಯುತ್ತಿತ್ತು. ಆಸೆ ಚಿಗುರಿತು. ಕೊಂಡಿ ಹಿಡಿದು ಎಳೆದೆ, ನನ್ನ ಕೈಗೇ ಕಿತ್ತು ಬಂತು. ತುಕ್ಕು ಹಿಡಿದಿತ್ತು. ಅಷ್ಟರಲ್ಲಿ ಅವರ ಪುಟ್ಟ ಮೊಮ್ಮಗಳು ನನ್ನ ಚೀಲದಿಂದ ಟ್ರಿಗರ್ ಲಾಕು ತೆಗೆದು ಬಾಯಿಗಿಟ್ಟುಕೊಂಡು ನೋಡುತ್ತಿದ್ದಳು. ಈ ಮನೆಯಲ್ಲಿ ಚಿಲಕದ ಭರವಸೆಯ ಮೇಲೆ ಬಂದೂಕು ಇಡುವುದು ಕನಸಿನ ಮಾತು. ಊರಿನ ಫರ್ನಿಚರ್ ಅಂಗಡಿಗೆ ಓಡಿದೆವು. ಸ್ಟೀಲ್ ಅಲಮಾರಿ ಕಲಬುರಗಿಯಿಂದ ತರಿಸಬೇಕು, ಸೋಮವಾರ ಹೇಳಿದರೆ ಬುಧವಾರ ಬರುತ್ತದೆ ಎಂದರು. ಎರಡು ದಾರಿಯೂ ಮುಚ್ಚಿದವು. ಉಳಿದದ್ದು ಬೀಗರ ತಿಜೋರಿ.

ಬೀಗರು ಕೆಂಪು ಬಾಳೆಹಣ್ಣಿನ ವ್ಯಾಪಾರಿ. ಕಮಲಾಪುರದ ಕೆಂಪು ಬಾಳೆ ಎಂದರೆ ಹೆಸರುವಾಸಿ, ಅವರ ಮಾಲು ದೂರದೂರಿಗೆ ಹೋಗುತ್ತದೆ. ಅವರ ಮನೆಯ ಮುಂದೆ ವ್ಯಾನು ನಿಲ್ಲಿಸಿದೆ. ಅಂಗಳಕ್ಕೆ ರಂಗೋಲಿ, ಬಾಗಿಲಿಗೆ ತೋರಣ. ಪಡಸಾಲೆಯಲ್ಲಿ ಓಣಿಯ ಹತ್ತಾರು ಜನ. ನಡುವೆ ತಿಜೋರಿ, ಮೈತುಂಬ ವಿಭೂತಿ ಪಟ್ಟೆ, ಕುಂಕುಮ, ಚೆಂಡು ಹೂವಿನ ಮಾಲೆ. ಒಳಗಿಂದ ಹೋಳಿಗೆಯ ವಾಸನೆ.

"ಬರ್ರಿ ಬೀಗರ, ಬರ್ರಿ! ಎಲ್ಲಿ ಅದ ಬಂದೂಕು?" ಬೀಗರು ಎರಡೂ ಕೈ ಚಾಚಿಕೊಂಡು ಬಂದರು. ದೊಡ್ಡ ದನಿಯ, ದೊಡ್ಡ ಮೈಯ ಮನುಷ್ಯ.

ಫೌಜಿ ನನ್ನ ಕಡೆ ತಿರುಗಿದರು. ಅವರ ಮಗಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ತಂದೆಯ ಮುಖ ನೋಡುತ್ತಿದ್ದಳು. ಆ ಹುಡುಗಿಯ ಕಣ್ಣು ನೋಡಿದ ಮೇಲೆ ಮಾತು ನಾನೇ ಆಡಬೇಕೆಂದು ಅನಿಸಿತು. ಆಡಿದೆ, ಅದೂ ಕೆಟ್ಟದಾಗಿ. ಆಯುಧ ಕಾನೂನು, ಲೈಸೆನ್ಸುದಾರರ ವಶ, ಮುಚ್ಚಳಿಕೆ, ಕೇಸು ಎಂದು ಕಚೇರಿಯ ಮಾತೆಲ್ಲ ಸುರಿದೆ. ಬೀಗರ ಮುಖ ಮೋಡ ಕವಿದಂತಾಯಿತು.

"ಅಂದ್ರ ನಮ್ಮ ಮ್ಯಾಲ ಭರೋಸಾ ಇಲ್ಲ ಅಂದಂಗಾತು. ಹೌದಲ್ರಿ ಬೀಗರ? ನಾವು ಬಂದೂಕು ಮಾರ್ಕೋತೀವಿ ಅಂತ ಅಂಜಿಕಿ ಏನು?"

"ಹಂಗಲ್ರಿ ಬೀಗರ..."

"ಹೆಂಗ ಮತ್ತ? ಇಷ್ಟು ಮಂದಿ ಮುಂದ ನನ್ನ ಮಾರಿ ಎಲ್ಲಿ ಇಟ್ಕೊಳ್ಳಿ? ಮಗಳನ್ನ ನಮ್ಮ ಮನ್ಯಾಗ ಇಟ್ಟೀರಿ, ಒಂದು ಬಂದೂಕು ಇಡಾಕ ಬರಂಗಿಲ್ಲ?"

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಇಲ್ಲಿ ಹಾವಿಗೇ ಹೂವಿನ ಮಾಲೆ ಹಾಕಿ ಕೂಡ್ರಿಸಿದ್ದರು. ಕಾನೂನು ಹೇಳಿ ಈ ಮನುಷ್ಯನನ್ನು ಗೆಲ್ಲಲು ಸಾಧ್ಯವಿಲ್ಲ ಎಂದು ನನಗೆ ಗೊತ್ತಾಯಿತು. ಅವರಿಗೆ ಬಂದೂಕು ಬೇಕಾಗಿರಲಿಲ್ಲ. ಬೀಗತನದ ಮಾನ ಬೇಕಾಗಿತ್ತು. ಆ ಮಾನವೇ ಬೇಡವೆಂದು ನಾನು ಹೇಳುತ್ತಿದ್ದೆ. ಬೇಡ ಎನ್ನುವ ಬದಲು ಬೇಡಿದರೆ ಹೇಗೆ?

"ಅಣ್ಣಾರ, ನಾ ಹೇಳಿದ್ದು ಉಲ್ಟಾ ಆತು. ಮೊದಲಿಂದ ಹೇಳ್ತೀನಿ, ಕೇಳ್ರಿ" ಎಂದೆ. "ಪಿಎಸ್‌ಐ ಸಾಹೇಬ್ರು ಮೈಸೂರು ಕಡಿಯವ್ರು. ಅವರ ಮಾತಿನಾಗ ಕೀಲಿಗೆ ಏನಂತಾರ ಗೊತ್ತೇನ್ರಿ? ಬೀಗ ಅಂತಾರ."

"ಏನಂತಾರ?"

"ಬೀಗ. ಬಂದೂಕು ಬೀಗದಾಗ ಇಡ್ರಿ ಅಂದಾರ. ಅಂದ್ರ ಕೀಲಿ ಹಾಕಿ ಇಡ್ರಿ ಅಂತ. ಇವ್ರು ನಿಮ್ಮ ಮನಿ ಅಂತ ತಿಳ್ಕೊಂಡಾರ."

ಬೀಗರು ತಮ್ಮ ಎದೆಗೆ ಬೆರಳಿಟ್ಟುಕೊಂಡರು. "ಅಂದ್ರ... ಮೈಸೂರು ಕಡಿ ಬಾಗಲಾಗ ಜೋತು ಬೀಳಾವನು ನಾನು?"

ಯಾರೋ ಮೂಲೆಯಲ್ಲಿ ಕಿಸಕ್ಕೆಂದರು. ಆಮೇಲೆ ಬೀಗರ ಹೊಟ್ಟೆ ಅಲುಗಾಡತೊಡಗಿತು. ನಗು ಒಳಗಿಂದ ಎದ್ದು ಬಂದು ಇಡೀ ಪಡಸಾಲೆಯನ್ನು ತುಂಬಿತು. ಅವರು ನಕ್ಕ ಮೇಲೆ ಉಳಿದವರಿಗೂ ಪರವಾನಗಿ ಸಿಕ್ಕಿತು. ಬಾಗಿಲಲ್ಲಿದ್ದ ಹುಡುಗಿ ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದಳು. ಫೌಜಿಯೂ ನಕ್ಕರು. ಬೆಳಗಿನಿಂದ ಅದೇ ಮೊದಲು.

ಕಬ್ಬಿಣ ಕಾದಿತ್ತು. ನಾನು ತಡ ಮಾಡಲಿಲ್ಲ. "ಸಾಹೇಬ್ರು ಕೇಳಿದ್ದು ಬೀಗ. ಆ ಬೀಗ ನಿಮ್ಮ ಕಡಿಂದನ ಬರಲಿ. ಈ ತಿಜೋರಿ ಅವರ ಮನಿಗೆ ಹೋಗ್ಲಿ. ಬಂದೂಕು ಅವರದ್ದು, ಅದನ್ನ ಕಾಯೋ ಬೀಗ ಬೀಗರದ್ದು. ಊರಾಗ ಎರಡೂ ಮನಿ ಹೆಸರು ಆಗ್ತದ" ಎಂದೆ.

ಬೀಗರು ತಿಜೋರಿ ನೋಡಿದರು, ಜನರನ್ನು ನೋಡಿದರು. ಒಂದು ತೊಡಕಿತ್ತು. ನಮ್ಮಲ್ಲಿ ಸಾಮಾನು ಯಾವಾಗಲೂ ಹೆಣ್ಣಿನ ಮನೆಯಿಂದ ಗಂಡಿನ ಮನೆಗೆ ಹರಿಯುತ್ತದೆ. ಗಂಡಿನ ತಂದೆ ಹೆಣ್ಣಿನ ತಂದೆಗೆ ತಿಜೋರಿ ಹೊರಿಸಿ ಕಳಿಸಿದ್ದನ್ನು ಕಮಲಾಪುರ ಕಂಡಿರಲಿಲ್ಲ. ಅದನ್ನೇ ಒಬ್ಬರು ಹಿರಿಯರು ಗೊಣಗಿದರು ಕೂಡ. ಬೀಗರು ಮೀಸೆ ತಿರುವಿದರು.

"ಕಂಡಿಲ್ಲಂದ್ರ ಇವತ್ತು ಕಾಣ್ಲಿ. ಆದ್ರ ಸುಮ್ಮ ಸುಮ್ಮನ ಹೋಗಂಗಿಲ್ಲ. ಮಾಲಿ ತೆಗೀಬ್ಯಾಡ್ರಿ. ನಮ್ಮ ಬಾಳಿಹಣ್ಣಿನ ಟೆಂಪೋದಾಗ, ಊರ ನಡು ಹಾಯ್ದು ಹೋಗ್ಲಿ!"

ನನಗೆ ಕುಣಿಯಬೇಕು ಅನಿಸಿತು. ಆದರೆ ಕೆಲಸ ಅರ್ಧವೂ ಆಗಿರಲಿಲ್ಲ. ಪಿಎಸ್‌ಐ ಬರುವ ಹೊತ್ತು ಹತ್ತಿರವಾಗುತ್ತಿತ್ತು. ಬಾಳೆಗೊನೆ ಹೊರುವ ಹಮಾಲರು ತಿಜೋರಿಗೆ ಹಗ್ಗ ಬಿಗಿದು "ಹೈಸಾ" ಎಂದು ಎತ್ತಿದರು. ಟೆಂಪೋ ಮುಂದೆ, ನನ್ನ ವ್ಯಾನು ಹಿಂದೆ, ಅದರ ಹಿಂದೆ ಬೀಗರ ಹೆಂಡತಿ, ಸೊಸೆ ಸೇರಿ ಅರ್ಧ ಓಣಿ. ಫೌಜಿಯ ಮನೆಯ ಬಾಗಿಲಿಗೆ ಬಂದು ತಿಜೋರಿ ಗಕ್ಕನೆ ನಿಂತಿತು. ಬಾಗಿಲು ಚಿಕ್ಕದು. ಅಡ್ಡ ಹಿಡಿದರೂ ಇಲ್ಲ, ಉದ್ದ ಹಿಡಿದರೂ ಇಲ್ಲ. ಕೊನೆಗೆ ಬಾಗಿಲ ಕದಗಳನ್ನೇ ಕಳಚಿ ಇಟ್ಟು, ತಿಜೋರಿಯನ್ನು ವಾರೆಯಾಗಿ ನುಗ್ಗಿಸಿದರು. ಒಳಗಿನ ಕೋಣೆಯ ಗೋಡೆಗೆ ಬೋಲ್ಟು ಹಾಕಿ ಕೂಡ್ರಿಸಬೇಕಿತ್ತು, ಯಾರೂ ತಿಜೋರಿಯನ್ನೇ ಹೊತ್ತುಕೊಂಡು ಹೋಗದಂತೆ. ಪರ್ಶಿ ಕಲ್ಲಿಗೆ ಮೊದಲ ಡ್ರಿಲ್ಲಿನ ಮೊನೆ ಮುರಿಯಿತು. ಪಕ್ಕದ ಮನೆಯ, ಗೋಡೆ ಕಟ್ಟುವ ಗೌಂಡಿ ತಮ್ಮದು ತಂದು, ಕಲ್ಲು ಬಿಟ್ಟು ಸಂದಿಯ ಸಿಮೆಂಟಿನಲ್ಲಿ ತೂತು ಹೊಡೆದರು. ಬೋಲ್ಟು ಬಿಗಿಯಿತು.

ನಾನು ದಾರ ತೆಗೆದೆ. ನೆಟ್ಟಗೆ ಹಿಡಿದರೆ ತಿಜೋರಿಯ ಎತ್ತರಕ್ಕಿಂತ ದಾರ ಮುಂದೆ ಬಂತು. ಮೂಲೆಯಿಂದ ಮೂಲೆಗೆ ಹಿಡಿದೆ. ಹಿಡಿಯಿತು! "ಬಿಚ್ಚಿ, ನಳಿಗೆ ವಾರೆಯಾಗಿ ಇಡ್ರಿ. ಇಡೋವಾಗ ಖಾಲಿ ಅದ ಅಂತ ಪ್ರತಿ ಸಲ ನೋಡ್ರಿ. ಕಾಡತೂಸು ಇದರ ಜೋಡಿ ಬ್ಯಾಡ, ಒಳಗಿನ ಸಣ್ಣ ಖಾನೇದಾಗ, ಅದರ ಕೀಲಿ ಬ್ಯಾರೆ" ಎಂದು ಹೇಳಿಕೊಟ್ಟೆ. ಫೌಜಿಗೆ ಇದು ಹೊಸತಲ್ಲ. ಆದರೂ ಹೊಸದಾಗಿ ಸೈನ್ಯ ಸೇರಿದ ರಂಗರೂಟನಂತೆ ನಿಂತು ಕೇಳಿದರು.

ಇನ್ನು ಕೀಲಿಕೈ. ಬೀಗರು ತಮ್ಮದನ್ನು ಕೊಟ್ಟರು. "ಇದರದು ಇನ್ನೊಂದು ಇರ್ಬೇಕಲ್ರಿ?" ಎಂದೆ. ಎಲ್ಲರ ಕಣ್ಣು ಬೀಗರ ಹೆಂಡತಿಯ ಸೊಂಟದ ಕಡೆ ತಿರುಗಿತು. ಅಲ್ಲಿ ಬೆಳ್ಳಿಯ ಗೊಂಚಲು ತೂಗುತ್ತಿತ್ತು. ಆ ತಾಯಿ ಕೈಯಿಂದ ಅದನ್ನು ಮುಚ್ಚಿಕೊಂಡರು.

"ನಮ್ಮತ್ತಿ ಕೊಟ್ಟಿದ್ದು. ಇರ್ಲಿ ಬಿಡ್ರಿ ನನ್ನ ಹಂತೇಕ. ನಾ ಯಾರಿಗೆ ಕೊಡಾಕಿ?"

"ಕಾನೂನು..." ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಬೆಳಗಿನಿಂದ ಅಷ್ಟಾದರೂ ಕಲಿತಿದ್ದೆ. ಸೊಸೆ, ಅಂದರೆ ಫೌಜಿಯ ಮಗಳು, ಮುಂದೆ ಬಂದು ಮೆಲ್ಲಗೆ ಹೇಳಿದಳು.

"ಅತ್ತಿ, ಇದು ನಿಮ್ಮ ಹಂತೇಕ ಇದ್ರ ನಾಳೆ ಯಾರರ ಏನರ ಮಾಡಿದ್ರ ನಿಮ್ಮನ್ನ ಕೇಳ್ತಾರ. ನಿಮ್ಮನ್ನ ಠಾಣೆಗೆ ಕರೆಯೋದು ನಾ ನೋಡಂಗಿಲ್ಲ."

ಅತ್ತೆ ಸೊಸೆಯ ಮುಖ ನೋಡಿದರು. ಗೊಂಚಲು ಬಿಚ್ಚಿ, ಆ ಒಂದು ಕೀಲಿಕೈ ಕಳಚಿ, ಫೌಜಿಯ ಅಂಗೈಗೆ ಹಾಕಿದರು. "ಹಿಡೀರಿ ಅಣ್ಣಾರ. ನಿಮ್ಮ ಮಗಳು ಬಾಯಿ ಇದ್ದಾಕಿ ಅದಾಳ" ಎಂದರು. ಬೈದದ್ದಲ್ಲ, ಅದು ಮೆಚ್ಚುಗೆ. ನನಗೆ ಕಣ್ಣು ತುಂಬಿ ಬಂತು, ಮುಚ್ಚಿಡಲು ಬೋಲ್ಟು ಪರೀಕ್ಷಿಸುವವಳಂತೆ ಗೋಡೆಗೆ ತಿರುಗಿದೆ.

ಅಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದು. ಪಿಎಸ್‌ಐ ಒಳಗೆ ಬಂದು, ಬಾಗಿಲಿಲ್ಲದ ಚೌಕಟ್ಟನ್ನೂ ಹೂವಿನ ಮಾಲೆಯ ತಿಜೋರಿಯನ್ನೂ ನೋಡಿ ಹುಬ್ಬೇರಿಸಿದರು. ಫೌಜಿ ಅಟೆನ್ಷನ್ನಿನಲ್ಲಿ ನಿಂತರು.

"ಹೇಳಿ, ಕೋವಿ ಎಲ್ಲಿಡ್ತೀರಾ?"

"ಬೀ..." ಎಂದು ಶುರು ಮಾಡಿ ನಾಲಿಗೆ ಕಚ್ಚಿಕೊಂಡರು. "ಕೀಲಿಯಾಗ್ರಿ ಸರ್!"

"ಕೀಲಿಯಲ್ಲಾ? ಕೀಲಿ ಅಂದ್ರೆ ಬೀಗದ ಕೈ ಅಲ್ವೇನ್ರೀ? ಕೀಲಿಯೊಳಗೆ ಕೋವಿ ಹೇಗೆ ಇಡ್ತೀರಾ? ಬೀಗ ಎಲ್ಲಿ, ಬೀಗ?"

ಹಿಂದಿನಿಂದ ದೊಡ್ಡ ಮೈಯೊಂದು ಜನರನ್ನು ಸರಿಸಿಕೊಂಡು ಮುಂದೆ ಬಂತು. "ನಾನ ರೀ ಸಾಹೇಬ್ರ!"

ಆಮೇಲೆ ಎಷ್ಟು ಹೊತ್ತು ನಕ್ಕೆವೋ ಗೊತ್ತಿಲ್ಲ. ಪಿಎಸ್‌ಐ ಟೋಪಿ ತೆಗೆದು ಬೆವರು ಒರೆಸಿಕೊಂಡರು. ನಕ್ಕು ಮುಗಿದ ಮೇಲೆ ಕೆಲಸ ಮಾತ್ರ ಬಿಡಲಿಲ್ಲ. ತಿಜೋರಿಯನ್ನು ಅಲುಗಾಡಿಸಿ ನೋಡಿದರು. ಎರಡೂ ಕೀಲಿಕೈ ಫೌಜಿಯ ಬಳಿ ಇವೆಯೇ ಎಂದು ಎಣಿಸಿದರು. ಒಳಗಿನ ಖಾನೆ ತೆಗೆಸಿ ಹಾಕಿಸಿದರು. "ಸರಿ, ಈಗ ತೃಪ್ತಿ ಆಯ್ತು. ಕೋವಿ ತಂದ ಮೇಲೆ ಠಾಣೆಗೆ ತಂದು ತೋರಿಸಿ" ಎಂದು ಬೀಗರ ಮನೆಯ ಹೋಳಿಗೆ ತಿಂದು ಹೋದರು.

ಅಂಗಡಿಗೆ ಬಂದಾಗ ಸಾಹೇಬರು ಅರ್ಧ ಶಟರ್ ಎಳೆದು ಕಾಯುತ್ತಿದ್ದರು. ನಳಿಗೆಯ ಮೇಲೆ ಕೊರೆದ ನಂಬರನ್ನು ನಾನು ಓದಿದೆ, ಸಾಹೇಬರು ಲೈಸೆನ್ಸಿನಲ್ಲಿ ಬರೆದರು, ಫೌಜಿ 'ಹೌದು' ಎಂದರು. ರಜಿಸ್ಟರಿಗೆ ಸಹಿ, ಬಿಲ್ಲಿಗೆ ಮುದ್ರೆ. ಬಂದೂಕು ಬಿಚ್ಚಿ, ಖಾಲಿ ಇದೆಯೆಂದು ಬೆಳಕಿಗೆ ಹಿಡಿದು ತೋರಿಸಿ, ಟ್ರಿಗರಿಗೆ ಲಾಕು ಕೂಡ್ರಿಸಿ ಚೀಲದಲ್ಲಿಟ್ಟು ಕೊಟ್ಟೆ. ಫೌಜಿ ಎರಡೂ ಕೈಯಿಂದ ತೆಗೆದುಕೊಂಡರು. ನನಗೊಂದು ಸೆಲ್ಯೂಟ್ ಹೊಡೆದರು. ಸಾಹೇಬರು ಮೂಲೆಯಲ್ಲಿ ಗಡ್ಡ ಸವರುತ್ತಾ "ಮಾಶಾ ಅಲ್ಲಾ" ಎಂದರು.

ಆ ಮುಂದಿನ ವಾರ ನನಗೆ ತಡೆಯಲಾಗಲಿಲ್ಲ. ಒಂದು ದಿನ ರಜೆ ಹಾಕಿ ಸ್ಕೂಟರ್ ಹತ್ತಿ, ಉರಿಬಿಸಿಲಿಗೆ ಎಲ್ಲರಂತೆ ಓಢಣಿಯನ್ನು ಕಣ್ಣಷ್ಟೇ ಕಾಣುವಂತೆ ಮುಖಕ್ಕೆ ಸುತ್ತಿಕೊಂಡು, ಕಮಲಾಪುರದ ಆ ಬ್ಯಾಂಕಿಗೆ ಹೋದೆ. ಹೆಲ್ಮೆಟ್ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದೆ. ಬಾಗಿಲಲ್ಲಿ ಇಸ್ತ್ರಿ ಗೆರೆ ಮುರಿಯದ ಯೂನಿಫಾರ್ಮು, ಹೆಗಲ ಮೇಲೆ ಬಂದೂಕು. ನಾನು ನಗುತ್ತಾ ಒಳಗೆ ಕಾಲಿಡಲು ಹೋದೆ. ಅಡ್ಡ ಕೈ ಬಂತು.

"ಮುಖದ ಮ್ಯಾಲಿನ ಬಟ್ಟಿ ತೆಗೀರಿ ತಾಯಿ. ಮುಖ ಕಾಣದ ಒಳಗ ಬಿಡಂಗಿಲ್ಲ."

"ಅಯ್ಯ, ನಾನ್ರಿ!"

"ನಾನು ಅಂದ್ರ ಯಾರ್ರಿ? ಬಂದವರೆಲ್ಲಾ ನಾನ ಅಂತಾರ. ತೆಗೀರಿ."

ತೆಗೆದೆ. ಅವರ ಕಣ್ಣು ಅರಳಿತು, ಮೀಸೆಯ ಕೆಳಗೆ ನಗು ಮಿಂಚಿ ಹೋಯಿತು. ಆದರೆ ಕೈ ಮಾತ್ರ ಅಲ್ಲೇ ಅಡ್ಡ ಇತ್ತು.

"ಹೆಲ್ಮೆಟ್ ಸೈತ ಹೊರಗ ಇಡ್ಬೇಕ್ರಿ ಅಕ್ಕಾರ."

ಹೊರಗಿಟ್ಟೆ. ಆಗ ಕೈ ಸರಿಸಿ, ಬಾಗಿಲನ್ನು ಪೂರ್ತಿ ತೆಗೆದು ಹಿಡಿದರು. ಒಳಗೆ ನನಗೆ ಯಾವ ಕೆಲಸವೂ ಇರಲಿಲ್ಲ. ಆದರೂ ಅಷ್ಟು ಠೀವಿಯಿಂದ ಬಾಗಿಲು ಹಿಡಿದು ನಿಂತವರ ಮುಂದೆ ಹೋಗದೆ ಇರಲಾಗಲಿಲ್ಲ.